ಇಪ್ಪತ್ತನೆಯ ದೀಪ

ಸಣ್ಣ ಕೈಗಾರಿಕೆಗಳ ಸಂಘದ ಸ್ಮರಣ ಸಂಚಿಕೆಗೆ ನಿನ್ನ ಹಳೆಯ ಆಟಿಕೆ ಶೆಡ್ಡಿನ ಬಗ್ಗೆ ಎರಡು ಪುಟ ಬೇಕು, ಶನಿವಾರದೊಳಗೆ ಕೊಡು ಎಂದು ಪ್ರೆಸ್ಸಿನ ಮಾಲೀಕ ವೆಂಕಟರಾಮಯ್ಯ ಹೇಳಿ ಒಂಬತ್ತು ದಿನವಾಗಿತ್ತು. ಆ ಒಂಬತ್ತು ದಿನಗಳಲ್ಲಿ ಕಸ್ತೂರಿರಂಗ ಬರೆದದ್ದು ಹನ್ನೊಂದು ವಾಕ್ಯ. ಕರಡು ತಿದ್ದುವುದೇ ಅವನ ಉದ್ಯೋಗವಾದ್ದರಿಂದ ಆ ಹನ್ನೊಂದನ್ನೂ ಬೇರೆ ಯಾರೋ ಬರೆದದ್ದೆಂಬಂತೆ ಓದಿ ನೋಡಿದ್ದ. ‘ವಿನೋದ ವಿದ್ಯುತ್ ಆಟಿಕೆಗಳು’ ಎಂಬ ಸಂಸ್ಥೆ ೧೯೭೧ರ ಜೂನ್ ಹದಿನಾಲ್ಕು, ಸೋಮವಾರ, ಸೋಮನಹಳ್ಳಿಯ ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಆರಂಭವಾಯಿತು. ಸರಿ. ಶೆಡ್ಡು ಇಪ್ಪತ್ತು ಅಡಿಗೆ ಹದಿನಾಲ್ಕು ಅಡಿ. ಸರಿ. ಮೊದಲು ತಯಾರಾದದ್ದು ಪ್ರಶ್ನೆಗೆ ಸರಿಯುತ್ತರ ಮುಟ್ಟಿದರೆ ಬಲ್ಬು ಹೊತ್ತುವ ಹಲಗೆ, ಆಮೇಲೆ ಕೈ ನಡುಗಿದರೆ ಗಂಟೆ ಹೊಡೆಯುವ ತಂತಿಯಾಟ, ೧೯೭೩ರಲ್ಲಿ ಮನುಷ್ಯನೊಡನೆ ತಾನೇ ಆಡುವ ‘ದೀಪಮಾಲೆ’ ಎಂಬ ಯಂತ್ರ. ಎಲ್ಲವೂ ಸರಿ. ಹನ್ನೊಂದನೆಯ ವಾಕ್ಯ ಹೀಗಿತ್ತು: ‘೧೯೭೪ರ ಜನವರಿಯಲ್ಲಿ ಮಂಡ್ಯದ ವಸ್ತುಪ್ರದರ್ಶನದಲ್ಲಿ ಯಂತ್ರ ಒಮ್ಮೆ ಸೋತಿತು.’ ಅದರಲ್ಲೂ ತಪ್ಪಿರಲಿಲ್ಲ. ಆದರೆ ಅಲ್ಲಿಗೆ ಬಂದಾಗಲೆಲ್ಲ ಅವನ ಬಲಗೈ ತಾನಾಗಿ ಎಡಗೈಯ ವಾಚಿನ ಪಟ್ಟಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಗುರುವಾರ ಬೆಳಿಗ್ಗೆ ರಜೆ ಹೇಳಿ ಮದ್ದೂರಿನ ಬಸ್ಸು ಹತ್ತಿದ. ಅಲ್ಲಿಂದ ಮಳವಳ್ಳಿ. ಮಳವಳ್ಳಿಯಲ್ಲಿ ಆ ಶೆಡ್ಡಿನ ಜೊತೆಗಾರ ಮರಿಯಯ್ಯ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆಂದು ಮೂರು ವರ್ಷದ ಹಿಂದೆ ಯಾರೋ ಹೇಳಿದ್ದರು. ಅಂದಿನಿಂದಲೂ ತನಗೆ ಮಳವಳ್ಳಿಯಲ್ಲಿ ಯಾವ ಕೆಲಸವೂ ಬೀಳದಂತೆ ನೋಡಿಕೊಂಡಿದ್ದ.

ಕಂಡಕ್ಟರು ಕೊಟ್ಟ ಟಿಕೆಟನ್ನು ಉದ್ದಕ್ಕೆ ಎರಡು ಸಲ ಮಡಿಸಿ ವಾಚಿನ ಪಟ್ಟಿಯ ಕೆಳಗೆ ಸಿಕ್ಕಿಸಿಕೊಂಡ. ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದಾಗ ದಿನವೂ ಮಂಡ್ಯದಿಂದ ಓಡಾಡಿ ಬಂದ ಅಭ್ಯಾಸ ಅದು. ಜೇಬಿನಲ್ಲಿಟ್ಟರೆ ತಪಾಸಣೆಯವನು ಬಂದಾಗ ಹುಡುಕಬೇಕು, ಹುಡುಕುವಾಗ ಸುತ್ತಲಿನವರು ನೋಡುತ್ತಾರೆ, ಟಿಕೆಟು ಇದ್ದೂ ಇಲ್ಲದವನ ಹಾಗೆ ಕಾಣಬೇಕಾಗುತ್ತದೆ. ಕಾಣುವುದರ ಬಗ್ಗೆ ಅವನಿಗೆ ಮೊದಲಿನಿಂದಲೂ ಇಂಥ ಎಚ್ಚರ. ಕಿಟಕಿಯಾಚೆ ಕಬ್ಬು ಆಳೆತ್ತರ ಬೆಳೆದಿತ್ತು. ಆ ಹೈಸ್ಕೂಲಿನ ಕೆಟ್ಟ ರೇಡಿಯೋ ಹಿಡಿದುಕೊಂಡು ಮೊದಲ ಸಲ ಮರಿಯಯ್ಯನ ಎದುರು ನಿಂತದ್ದು ಇಂಥದ್ದೇ ಆಗಸ್ಟಿನಲ್ಲಿ. ಪೇಟೆ ಬೀದಿಯ ರಿಪೇರಿ ಅಂಗಡಿಯಲ್ಲಿ ಮರಿಯಯ್ಯ ಸಂಬಳಕ್ಕಿದ್ದ. ಏಳನೇ ತರಗತಿಗೆ ಓದು ಬಿಟ್ಟವನು. ಕೌಂಟರಿನ ಮೇಲೆ ಇಪ್ಪತ್ತು ಹುಣಸೆಬೀಜ ಹರಡಿಕೊಂಡು, ಕಾಯುವ ಗಿರಾಕಿಗಳ ಜೊತೆ ಆಡುತ್ತಿದ್ದ. ಒಬ್ಬೊಬ್ಬರು ಒಂದು ಸಲಕ್ಕೆ ಒಂದೋ ಎರಡೋ ಮೂರೋ ಬೀಜ ಎತ್ತಬಹುದು; ಕೊನೆಯ ಬೀಜ ಎತ್ತಿದವನು ಗೆದ್ದ. ಮೊದಲ ಕೈ ಯಾವಾಗಲೂ ಗಿರಾಕಿಯದು. ಮರಿಯಯ್ಯ ಒಂದು ಆಟವನ್ನೂ ಸೋಲುತ್ತಿರಲಿಲ್ಲ. ಏನಿದರ ಗುಟ್ಟು ಎಂದು ಕಸ್ತೂರಿರಂಗ ಕೇಳಿದಾಗ ಅವನು ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು, ಗಿರಾಕಿಗಳಿಗೆ ಕೇಳದ ಹಾಗೆ ಹೇಳಿದ: “ನೀವ್ ಎಷ್ಟಾದ್ರೂ ಎತ್ಕಳಿ ಮೇಷ್ಟ್ರೆ, ನಾನು ನಾಕು ಭರ್ತಿ ಮಾಡ್ತೀನಿ. ಅಷ್ಟೇಯ. ಇದ್ನ ತಂತಿಗೆ ಏಳ್ಕೊಟ್ರೆ ಅದೂ ಆಡ್ತದೆ.”

ತಂತಿಗೆ ಹೇಳಿಕೊಡುವುದು. ಬಿ.ಎಸ್ಸಿ. ಓದಿದ ತನಗೆ ಆ ಮಾತು ಹೊಳೆದಿರಲಿಲ್ಲ ಎಂಬುದು ಆ ಕ್ಷಣದಲ್ಲೇ ಚುಚ್ಚಿತ್ತೋ, ಈಗ ಬಸ್ಸಿನಲ್ಲಿ ಕೂತು ಚುಚ್ಚಿಸಿಕೊಳ್ಳುತ್ತಿದ್ದಾನೋ, ಕಸ್ತೂರಿರಂಗನಿಗೆ ಖಚಿತವಿಲ್ಲ. ಖಚಿತವಿರುವುದು ಇಷ್ಟು: ಮೇಷ್ಟರ ಕೆಲಸಕ್ಕೆ ರಾಜೀನಾಮೆ ಕೊಟ್ಟದ್ದು ತಾನು, ಶೆಡ್ಡು ಹಿಡಿದದ್ದು ತಾನು, ಆಟ ಕಟ್ಟಿದ್ದು ಮರಿಯಯ್ಯ. ಬೆಂಗಳೂರಿನ ಗುಜರಿಯಿಂದ ಹಳೆಯ ಟೆಲಿಫೋನಿನ ರಿಲೇಗಳನ್ನು, ಅಂದರೆ ಕರೆಂಟಿನಿಂದಲೇ ತೆರೆದು ಮುಚ್ಚುವ ಸ್ವಿಚ್ಚುಗಳನ್ನು, ಗೋಣಿಚೀಲದಲ್ಲಿ ತಂದು, ಒಂದೊಂದನ್ನೂ ಬಿಚ್ಚಿ ತೊಳೆದು, ಕರೆಂಟು ಹರಿದಾಗ ಒಂದಕ್ಕೊಂದು ತಾಗುವ ತಗಡಿನ ತುಂಡುಗಳಿಗೆ ‘ಎಲೆ’ ಎಂದು ಹೆಸರಿಟ್ಟವನು ಅವನು. ಮೊದಲು ಮಾಡಿದ ಯಂತ್ರದಲ್ಲಿ ಇಪ್ಪತ್ತು ದೀಪ ಉರಿಯುತ್ತಿದ್ದವು, ಆಡುವವರು ಒಂದೊಂದಾಗಿ ಆರಿಸಬೇಕಿತ್ತು. ಅದನ್ನು ಮಂಡ್ಯದ ಅಂಚಿನ ಗುತ್ತಲಿನ ತನ್ನ ಮನೆಗೆ ತಂದು ತೋರಿಸಿದಾಗ ತಾಯಿ ಗೋದಮ್ಮ ನಡುಮನೆಯ ಬಾಗಿಲಲ್ಲೇ ನಿಂತು, ದೀಪ ಆರಿಸೋ ಆಟವನ್ನು ಯಾರು ಮನೆಯೊಳಗೆ ಇಟ್ಟುಕೊಳ್ಳುತ್ತಾರೆ ಎಂದು ಕೇಳಿದ್ದಳು. ಕಸ್ತೂರಿರಂಗ ತಾಯಿಗೆ ಬುದ್ಧಿ ಹೇಳಹೊರಟಿದ್ದ. ಜಗುಲಿಯಲ್ಲಿ ಕೂತಿದ್ದ ಮರಿಯಯ್ಯ ಮಾತ್ರ ತಲೆಯಾಡಿಸಿ, ಅಮ್ಮಾವ್ರು ಹೇಳೋದು ನ್ಯಾಯವಾಗಿದೆ, ಹೊತ್ತಿಸೋ ಆಟ ಮಾಡೋಣ ಎಂದು ಪೆಟ್ಟಿಗೆಯನ್ನು ವಾಪಸು ಹೊತ್ತುಕೊಂಡು ಹೋದ. ನಾಲ್ಕು ದಿನದಲ್ಲಿ ಎಲ್ಲ ತಂತಿಯೂ ತಿರುವುಮುರುವಾಯಿತು. ಈಗ ಕತ್ತಲಿಂದ ಆರಂಭ; ಒಬ್ಬೊಬ್ಬರು ಒಂದು, ಎರಡು ಅಥವಾ ಮೂರು ದೀಪ ಹೊತ್ತಿಸುತ್ತ ಹೋಗಬೇಕು; ಇಪ್ಪತ್ತನೆಯ ಕೆಂಪು ದೀಪ ಹೊತ್ತಿಸಿದವರು ಗೆದ್ದಂತೆ. ಪೆಟ್ಟಿಗೆಯ ಮುಂಭಾಗದಲ್ಲಿ ‘ಮೊದಲ ಆಟ ನಿಮ್ಮದು’ ಎಂದು ಬರೆಸಿದರು. ನೋಡಿದವರೆಲ್ಲ ಅದನ್ನು ಮರ್ಯಾದೆ ಎಂದುಕೊಳ್ಳುತ್ತಿದ್ದರು. ಮೊದಲು ಆಡಿದವನು ಸೋತೇ ಸೋಲುತ್ತಾನೆ.

ಪೆಟ್ಟಿಗೆಯ ಹಿಂದೆ ‘ತಯಾರಕರು: ಕೆ. ಕಸ್ತೂರಿರಂಗ, ಬಿ.ಎಸ್ಸಿ.’ ಎಂಬ ತಗಡಿನ ಪಟ್ಟಿ. ಇಬ್ಬರ ಹೆಸರೂ ಹಾಕಿಸುವುದೆಂದು ಅವನು ಪೇಂಟರನಿಗೆ ಹೇಳಲು ಹೊರಟಿದ್ದ. ನಿಮ್ಮದೊಂದೇ ಇರಲಿ, ಬಿ.ಎಸ್ಸಿ. ಅಂತ ಕಂಡರೆ ಸ್ಕೂಲಿನವರು ತಗೋತಾರೆ ಎಂದದ್ದು ಮರಿಯಯ್ಯನೇ. ಇದೂ ಸತ್ಯ. ಆದರೆ ಮರಿಯಯ್ಯ ಆ ಮಾತು ಮುಗಿಸುವ ಮೊದಲೇ ತಾನು ಒಪ್ಪಿಕೊಂಡಿದ್ದನ್ನು ಯಾವ ವಾಕ್ಯದಲ್ಲಿ ಬರೆಯುವುದು? ಶೆಡ್ಡಿನಲ್ಲಿ ಒಂದು ನಿಯಮವಿತ್ತು, ಅದೂ ಮರಿಯಯ್ಯನದೇ: ಹೊರಗೆ ಹೋಗುವ ಪ್ರತಿ ಪೆಟ್ಟಿಗೆಯ ಮೇಲೂ ನಲವತ್ತು ಆಟ ಆಡಿ, ಆಟಕ್ಕೊಂದರಂತೆ ಪುಸ್ತಕದಲ್ಲಿ ಗೆರೆ ಎಳೆಯಬೇಕು. ಮೂವತ್ತೊಂಬತ್ತನೆಯದರಲ್ಲಿ ಒಂದು ಎಲೆ ತಡವರಿಸಿದರೂ ಮತ್ತೆ ಒಂದರಿಂದ. ಸಂಜೆಗಳಲ್ಲಿ ಹೆದ್ದಾರಿಯ ಲಾರಿಗಳ ಸದ್ದಿನ ನಡುವೆ ರಿಲೇಗಳ ಟಕ್ ಟಕ್ ಕೇಳಿಸಿಕೊಳ್ಳುತ್ತ ಇಬ್ಬರೂ ಮಾತಿಲ್ಲದೆ ಕೂತಿರುತ್ತಿದ್ದರು. ತನ್ನ ನಲವತ್ತನಾಲ್ಕು ವರ್ಷಗಳಲ್ಲಿ ಇನ್ನೊಬ್ಬ ಮನುಷ್ಯನ ಪಕ್ಕದಲ್ಲಿ ಹಾಗೆ ಸುಮ್ಮನೆ ಕೂತದ್ದು ಅಲ್ಲಿ ಮಾತ್ರ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲೂ ಈಗ ಮೌನವೇ. ಆದರೆ ಅದರಲ್ಲಿ ಟಕ್ ಟಕ್ ಇಲ್ಲ.

ಮದ್ದೂರಿನಲ್ಲಿ ಇಳಿದು ಮಳವಳ್ಳಿ ಬಸ್ಸು ಹತ್ತಿದ. ಅದರ ಟಿಕೆಟನ್ನೂ ಮಡಿಸಿ ವಾಚಿನ ಕೆಳಗೆ ಇಟ್ಟು, ಹಳೆಯದನ್ನು ಕಿಟಕಿಯಿಂದಾಚೆ ಬಿಟ್ಟ. ಹೀಗೆಯೇ ಆ ದಿನದ ಟಿಕೆಟೂ ಎಲ್ಲೋ ಹೋಯಿತು. ಮಂಡ್ಯದ ಆ ವಸ್ತುಪ್ರದರ್ಶನದ ಎರಡನೆಯ ದಿನ, ಮಧ್ಯಾಹ್ನ ಮೂರೂವರೆ. ಗುತ್ತಲಿನ ಕಡೆಯ ಆಲೆಮನೆಗಳಿಂದ ಬೆಲ್ಲದ ಹೊಗೆ ಮೈದಾನದ ಮೇಲೆ ಬಂದು, ಶಾಮಿಯಾನದ ಮೇಲೂ ಜನರ ಬಿಳಿ ಬಟ್ಟೆಯ ಮೇಲೂ ಮಸಿಯ ಕರಿ ಚೂರು ಇಳಿಯುತ್ತಿತ್ತು. ಒಬ್ಬ ಅಧಿಕಾರಿ, ಪತ್ನಿ, ಹಿಂದೆ ಮೂರು ಜನ ಜವಾನರು. ಯಾರು, ಯಾವ ಇಲಾಖೆ ಎಂದು ಕಸ್ತೂರಿರಂಗ ಕೇಳಲಿಲ್ಲ. ಜವಾನರ ಸಂಖ್ಯೆಯೇ ಸಾಕಾಗಿತ್ತು. ಅಧಿಕಾರಿ ಮೊದಲ ಆಟ ಸೋತು ನಕ್ಕರು. ಪತ್ನಿಯೂ ನಕ್ಕರು, ಆಗ ಅಧಿಕಾರಿ ನಗು ನಿಲ್ಲಿಸಿದರು. ಇನ್ನೊಂದು ಆಟ ಎಂದರು. ಸುತ್ತ ಜನ ಸೇರಿತು. ಪ್ರತಿ ಸಲವೂ ಎರಡೆರಡು ದೀಪ ಹೊತ್ತಿಸಿದರು. ಯಂತ್ರವೂ ಎರಡೆರಡು ಹೊತ್ತಿಸಿ ನಾಲ್ಕು ಭರ್ತಿ ಮಾಡುತ್ತ ಬಂತು. ನಾಲ್ಕು, ಎಂಟು, ಹನ್ನೆರಡು, ಹದಿನಾರು. ಪೆಟ್ಟಿಗೆಯ ತೆರೆದ ಹಿಂಭಾಗದಲ್ಲಿ ನಿಂತಿದ್ದ ಕಸ್ತೂರಿರಂಗನಿಗೆ ಅಧಿಕಾರಿಯ ಕುತ್ತಿಗೆ ಕೆಂಪಾಗುತ್ತಿದ್ದದ್ದು ದೀಪಗಳ ಸಾಲಿನ ಮೇಲಿನಿಂದ ಕಾಣಿಸಿತು. ಶೆಡ್ಡಿನ ಲೈಸೆನ್ಸು, ಕರೆಂಟಿನ ಅರ್ಜಿ, ಶಾಲೆಗಳಿಗೆ ಹೋಗಬೇಕಾದ ಶಿಫಾರಸು ಎಲ್ಲವೂ ಆ ಕುತ್ತಿಗೆಯಲ್ಲಿ ಒಂದೇ ಸಲ ಸೇರಿಕೊಂಡಂತಾಯಿತು. ಯಾರೂ ಅವನಿಗೆ ಏನೂ ಹೇಳಲಿಲ್ಲ, ಸನ್ನೆ ಮಾಡಲಿಲ್ಲ. ಬೆಳಿಗ್ಗೆ ಸೋಮನಹಳ್ಳಿಯಿಂದ ಬಂದ ಬಸ್ಸಿನ ಟಿಕೆಟನ್ನು ವಾಚಿನ ಕೆಳಗಿಂದ ತೆಗೆದು ‘ಎರಡ’ಕ್ಕೆ ಉತ್ತರ ಕೊಡುವ ರಿಲೇಯ ಎಲೆಗಳ ನಡುವೆ ತೂರಿಸಿದ. ಅಧಿಕಾರಿ ಎರಡು ಒತ್ತಿದರು, ಹದಿನೆಂಟಾಯಿತು. ಟಕ್. ಒಂದೇ ಟಕ್. ಹತ್ತೊಂಬತ್ತಕ್ಕೆ ಯಂತ್ರ ನಿಂತಿತು. ಅಧಿಕಾರಿ ಕೆಂಪು ದೀಪ ಹೊತ್ತಿಸಿದರು. ಜವಾನರು ಚಪ್ಪಾಳೆ ತಟ್ಟಿದರು. ಇಷ್ಟೇನಾ ನಿಮ್ಮ ಯಂತ್ರ ಎಂದು ಅಧಿಕಾರಿ ಪಕ್ಕದ ಮಳಿಗೆಯ ಉಪ್ಪಿನಕಾಯಿ ನೋಡಲು ಹೋದರು. ಅವರು ಮೀನುಗಾರಿಕೆ ಇಲಾಖೆಯವರೆಂದು ಸಂಜೆ ಗೊತ್ತಾಯಿತು.

ಮರಿಯಯ್ಯ ಪೆಟ್ಟಿಗೆಯ ಮುಂದೆ ನಿಂತು ಅಂಕಿ ಕೂಗುತ್ತಿದ್ದವನು, ಆ ಒಂದೇ ಟಕ್ ಕೇಳಿ ತಿರುಗಿ ನೋಡಿದ್ದ. ಅಷ್ಟರಲ್ಲಿ ಟಿಕೆಟು ಕಸ್ತೂರಿರಂಗನ ಮುಷ್ಟಿಯಲ್ಲಿತ್ತು. ಬಸ್ಸು ಕೆ.ಎಂ. ದೊಡ್ಡಿ ದಾಟಿತು. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಯಾರದೋ ನಿಶ್ಚಿತಾರ್ಥ ಮುರಿದುಬಿದ್ದ ಬಗ್ಗೆ ಮಾತಾಡುತ್ತಿದ್ದರು. ಪ್ರದರ್ಶನದ ಆ ಸಂಜೆಯೇ ಹೇಳಿಬಿಡಬಹುದಿತ್ತು. ನಗುತ್ತ ಹೇಳಬಹುದಿತ್ತು, ಮೀನಿನ ಸಾಹೇಬರ ವಿಷಯ ಸೇರಿಸಿ. ಹೇಳಲಿಲ್ಲ, ಏಕೆಂದರೆ ಮರಿಯಯ್ಯ ಆಗಲೇ ಪೆಟ್ಟಿಗೆ ಬಿಚ್ಚಿ ಕೂತಿದ್ದ, ಅವನ ಮುಖ ನಗುವ ಮುಖವಾಗಿರಲಿಲ್ಲ. ಮೂರನೆಯ ದಿನ ಸೋಮನಹಳ್ಳಿಯಲ್ಲಿ, ನೆಲದ ಮೇಲೆ ಹರಡಿದ ತಂತಿಗಳ ನಡುವಿನಿಂದ ತಲೆಯೆತ್ತದೆ ಅವನು ಕೇಳಿದ್ದ, ನನ್ನ ಲೆಕ್ಕವೇ ಎಲ್ಲೋ ತಪ್ಪಿರಬೇಕು ಅಲ್ವರಾ ಮೇಷ್ಟ್ರೆ ಎಂದು. ಕಸ್ತೂರಿರಂಗ “ಇರಬಹುದು” ಎಂದಿದ್ದ. ಐದೂವರೆ ವರ್ಷಗಳಿಂದ ಅವನ ಜೊತೆಗಿದ್ದದ್ದು ಆ ಟಿಕೆಟಿಗಿಂತ ಹೆಚ್ಚಾಗಿ ಆ ಒಂದು ಮಾತು. ಹೆದರಿಕೆಯಲ್ಲಿ ಟಿಕೆಟು ತೂರಿಸಿದ್ದು ಬೇರೆ. ಇದು ಹೆದರಿಕೆ ಹೋದ ಮೇಲೆ, ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೆ, ಸಾವಕಾಶವಾಗಿ ಹೇಳಿದ್ದು. ತಪ್ಪು ಸಿಗುವವರೆಗೂ ಒಂದು ಪೆಟ್ಟಿಗೆಯೂ ಆಚೆ ಹೋಗಬಾರದು ಎಂದ ಮರಿಯಯ್ಯ. ಅವನಿಗೆ ಬೇಸರ ಬರಲಿ, ತಾನಾಗಿ ಬಿಟ್ಟುಬಿಡಲಿ ಎಂದು ಕಸ್ತೂರಿರಂಗ ಕಾದ. ಬೇಸರ ಬರಲಿಲ್ಲ. ಹನ್ನೆರಡು ಶಾಲೆಗಳು ಕೇಳಿದ್ದ ಪೆಟ್ಟಿಗೆಗಳು ಹೋಗಲಿಲ್ಲ, ಶಾಲೆಗಳು ಮತ್ತೆ ಕೇಳಲಿಲ್ಲ. ಏಪ್ರಿಲಿನಲ್ಲಿ ಮರಿಯಯ್ಯ ಪ್ರದರ್ಶನದಲ್ಲಿ ಸೋತ ಆ ಮೊದಲ ಪೆಟ್ಟಿಗೆಯನ್ನೂ ಗೆರೆ ಎಳೆಯುವ ಪುಸ್ತಕವನ್ನೂ ಎತ್ತಿನ ಗಾಡಿಗೆ ಹಾಕಿಕೊಂಡು, ತಪ್ಪು ಸಿಕ್ಕಿದ ದಿನ ಕಾಗದ ಬರೆಯುತ್ತೇನೆ ಎಂದು ಹೇಳಿ ಹೋದ. ಆಮೇಲೆ ಎರಡು ವರ್ಷ ಕಸ್ತೂರಿರಂಗ ಒಬ್ಬನೇ ಪ್ರಶ್ನೋತ್ತರದ ಹಲಗೆಗಳನ್ನು ಮಾಡಿದ. ೧೯೭೬ರಲ್ಲಿ ಶೆಡ್ಡಿನ ಬೀಗದ ಕೈ ಹಿಂದಿರುಗಿಸಿದ. ಕಾಗದ ಬಂದಿರಲಿಲ್ಲ.

ಮಳವಳ್ಳಿ ಬಸ್ ಸ್ಟ್ಯಾಂಡಿನಿಂದ ಅಂಗಡಿ ದೂರವಿರಲಿಲ್ಲ. ದಾರಿಯಲ್ಲಿ ಎರಡು ಸಲ ವಾಕ್ಯ ಜೋಡಿಸಿಕೊಂಡ. ‘ನೀನು’ ಎನ್ನುವುದೋ ‘ನೀವು’ ಎನ್ನುವುದೋ ಎಂಬಲ್ಲಿ ಎರಡೂ ಸಲ ಸಿಕ್ಕಿಬಿದ್ದ. ಹಳೆಯ ಏಕವಚನ ಈಗ ದರ್ಪದಂತೆ ಕೇಳಿಸೀತು. ಬಹುವಚನಕ್ಕೆ ಬದಲಾದರೆ ತಪ್ಪು ಮಾಡಿದವನೆಂದು ಮೊದಲೇ ಗೊತ್ತಾದೀತು. ಅಂಗಡಿಯ ಮುಂದೆ ನಾಲ್ಕೈದು ಪಂಪುಸೆಟ್ಟಿನ ಮೋಟಾರುಗಳು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು. ಒಳಗೆ ಗೋಡೆಯ ಮೇಲೆ ಬುದ್ಧನ ಚಿತ್ರವಿದ್ದ ಕ್ಯಾಲೆಂಡರು, ಅದರ ಕೆಳಗೆ ತಾಮ್ರದ ತಂತಿ ಸುತ್ತುತ್ತ ಕೂತ ಮರಿಯಯ್ಯ. ಕನ್ನಡಕ ಬಂದಿತ್ತು. ಎದ್ದು ನಿಂತ, ಕೈಯನ್ನು ಪಂಚೆಗೆ ಒರೆಸಿಕೊಂಡ, ಕೂರಲು ಸ್ಟೂಲು ಎಳೆದ. ಅವನ ಹೆಂಡತಿ ಬೆಳ್ಳಮ್ಮ ಒಳಗಿನಿಂದ ಬಂದು ಯಾರೆಂದು ನೋಡಿದಳು.

“ಸೋಮ್ನಳ್ಳಿ ಮೇಷ್ಟ್ರಾ?” ಎಂದಳು. “ಬನ್ನಿ ಸ್ವಾಮಿ. ನೀವ್ ಕೊಟ್ ಕಳ್ಸಿದ್ರಲ್ಲ ಸವ್ತಿ, ಒಳ್ಗೇ ಅವ್ಳೆ. ಐದ್ ವರ್ಸದಿಂದ ಆ ಪೆಟ್ಗೆ ಜೊತೇಲೇ ಇವರ್ ಸಂಸಾರ. ನಾನು ಇಟ್ಟು ಬೇಯ್ಸಾಕೆ ಮಾತ್ರ.”

“ಸುಮ್ಕಿರಮ್ಮಿ,” ಎಂದ ಮರಿಯಯ್ಯ. ಆದರೆ ಅವನ ಮುಖ ಬೆಳಗಿತ್ತು. ಕಸ್ತೂರಿರಂಗ ಬಂದ ಕಾರಣವನ್ನೂ ಕೇಳದೆ ಹೇಳಿದ: “ಸಿಕ್ತು ಕಣ್ ಮೇಷ್ಟ್ರೆ. ತಪ್ಪು ಸಿಕ್ತು. ಯುಗಾದಿ ಆದ್ಮೇಕೆ ಸಿಕ್ತು. ಕಾಗ್ದ ಬರೀಬೇಕು ಅಂತ ಎಲ್ಡು ಸಲಿ ಕುಂತೆ, ನಿಮ್ ಅಡ್ರೆಸ್ಸು ಇರ್ಲಿಲ್ಲ.”

ಕಸ್ತೂರಿರಂಗ ಸ್ಟೂಲಿನ ಮೇಲೆ ಕೂತ. ಗೊತ್ತಾಗಿದ್ದರೆ ಒಳ್ಳೆಯದೇ ಆಯಿತು, ಹೇಳುವ ಕಷ್ಟ ತಪ್ಪಿತು ಎಂದು ಒಂದು ಗಳಿಗೆ ನಿಜವಾಗಿಯೂ ಅಂದುಕೊಂಡ. ಮರಿಯಯ್ಯ ಹಳೆಯ ಸೀರೆ ಹೊದಿಸಿದ್ದ ಪೆಟ್ಟಿಗೆಯನ್ನು ಒಳಗಿನಿಂದ ತಂದು ಬೆಂಚಿನ ಮೇಲಿಟ್ಟ, ಅದರ ಪಕ್ಕದಲ್ಲಿ ಗೆರೆ ಎಳೆಯುವ ಪುಸ್ತಕಗಳು, ಈಗ ಏಳು. ಒಂಬತ್ತು ಸಾವಿರದ ನಾನೂರ ಹನ್ನೆರಡು ಆಟ. ಒಂದರಲ್ಲೂ ಯಂತ್ರ ತಪ್ಪಲಿಲ್ಲವಂತೆ. ತಪ್ಪದೇ ಇದ್ದದ್ದೇ ಅವನಿಗೆ ದಾರಿ ತೋರಿಸಿತಂತೆ: ಲೆಕ್ಕದಲ್ಲಿ ತಪ್ಪಿದ್ದರೆ ಇಷ್ಟರಲ್ಲಿ ಎರಡನೆಯ ಸಲ ಬರಲೇಬೇಕಿತ್ತು. ಹಾಗಾದರೆ ಹೊರಗಿನಿಂದ ಬಂದದ್ದು ಏನೋ ಒಂದು. ಎಲ್ಲಿ ಬಂದಿರಬೇಕು? ಹದಿನೆಂಟಕ್ಕೆ ಎರಡು ಹೊತ್ತಬೇಕಾದಲ್ಲಿ ಒಂದು ಹೊತ್ತಿತು. ಅಂದರೆ ‘ಎರಡ’ರ ರಿಲೇ, ಅದರಲ್ಲೂ ಎರಡನೆಯ ಟಕ್ ಕೊಡುವ ಎಲೆ. ಅವನ ಬೆರಳು ತೋರಿಸಿದ ಜಾಗವನ್ನು ಕಸ್ತೂರಿರಂಗ ಬಗ್ಗಿ ನೋಡಿದ. ಐದು ವರ್ಷ ಹುಡುಕಿ ಮರಿಯಯ್ಯ ಕೂದಲೆಳೆಯಷ್ಟೂ ಆಚೀಚೆಯಾಗದೆ ಅದೇ ಎಲೆಗೆ ಬಂದು ಮುಟ್ಟಿದ್ದ. ಅಕ್ಕಸಾಲಿಯ ಮಸೂರ ಹಿಡಿದು ಆ ಎಲೆಯ ಬುಡದಲ್ಲಿ ನೋಡಿದಾಗ ಎಳ್ಳಿನ ಕಾಲುಭಾಗದಷ್ಟು ಕರಿ ಚೂರು ಸಿಕ್ಕಿತು. ಪುಸ್ತಕದ ಕೊನೆಯ ಹಾಳೆಯಲ್ಲಿ ಅದನ್ನು ಅಂಟಿನ ಕಾಗದದ ಕೆಳಗೆ ಇಟ್ಟು, ಪಕ್ಕದಲ್ಲಿ ತಾರೀಕು ಬರೆದಿದ್ದ: ೨-೪-೭೯.

“ಆಲೆಮನೆ ಮಸಿ,” ಎಂದ ಮರಿಯಯ್ಯ. “ಗುತ್ತಲ್ ಕಡೆಯಿಂದ ಬಂದದ್ದು. ಟೆಲಿಪೋನ್ನೋರು ಒಂದೊಂದ್ ಕೆಲ್ಸಕ್ಕೂ ಎಲ್ಡೆಲ್ಡು ಜೊತೆ ಎಲೆ ಮಡಗಿರ್ತಾರೆ, ಒಂದಕ್ಕೆ ದೂಳು ಕುಂತ್ರೆ ಇನ್ನೊಂದು ಕೆಲ್ಸ ಮಾಡ್ಲಿ ಅಂತ. ನಾನು ಒಂದ್ ಜೊತೆ ಕಿತ್ತಾಕಿದ್ದೆ. ಒಂದೇ ಸಾಕು ಅಂತ. ದೊಡ್ಡ ಬುದ್ವಂತ ನಾನು. ತಪ್ಪು ಮಸೀದಲ್ಲ ಮೇಷ್ಟ್ರೆ, ನಂದು.”

ಹೊರಗೆ ಯಾರೋ ಮೋಟಾರು ಆಯಿತೇ ಎಂದು ಕೇಳಿದರು. ಬೆಳ್ಳಮ್ಮ ಸಂಜೆಗೆ ಬರಲು ಹೇಳಿದಳು. ಮಂಡ್ಯ ಜಿಲ್ಲೆಯಲ್ಲಿ ಆಲೆಮನೆಯ ಮಸಿ ಬೀಳದ ಜಾಗ ಯಾವುದು? ಸೋಮನಹಳ್ಳಿಯಲ್ಲಿ ಬಿದ್ದಿರಬಹುದು, ಗಾಡಿಯ ದಾರಿಯಲ್ಲಿ ಬಿದ್ದಿರಬಹುದು, ಈ ಅಂಗಡಿಯಲ್ಲೇ ಬಿದ್ದಿರಬಹುದು. ಕಸ್ತೂರಿರಂಗ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳಲ್ಲಿ ಯಾವುದೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

“ಮರಿಯಯ್ಯ, ಮಸಿ ಅಲ್ಲ. ನಾನು ಕಾಗದ ಇಟ್ಟೆ. ಬಸ್ ಟಿಕೆಟು. ಆ ಸಾಹೇಬರು ಗೆಲ್ಲಲಿ ಅಂತ ಅದೇ ಎಲೆ ಮಧ್ಯೆ ಇಟ್ಟು, ಆಮೇಲೆ ತೆಗೆದುಬಿಟ್ಟೆ.”

ಮರಿಯಯ್ಯ ಕನ್ನಡಕ ತೆಗೆದು ಅವನನ್ನು ನೋಡಿದ. ಸಿಟ್ಟು ಬರಬಹುದೆಂದು ಕಾದಿದ್ದ ಕಸ್ತೂರಿರಂಗನಿಗೆ ಆ ಮುಖದಲ್ಲಿ ಕಂಡದ್ದು ಒಂದು ಬಗೆಯ ಸಂಕೋಚ. ದೊಡ್ಡವರು ಉಡುಗೊರೆ ತಂದಾಗ, ಅದು ಬೇಡವಾದಾಗ, ಹೇಗೆ ಬೇಡವೆನ್ನುವುದು ಎಂದು ತಿಳಿಯದವನ ಸಂಕೋಚ.

“ಬುಡಿ ಮೇಷ್ಟ್ರೆ,” ಎಂದ. “ನಿಮ್ ಮನ್ಸು ದೊಡ್ಡದು, ನಂಗೊತ್ತಿಲ್ವಾ. ನನ್ ತಪ್ಪ ನಿಮ್ ತಲೆ ಮೇಕೆ ಆಕ್ಕಂಡು ನನ್ನ ಉಳ್ಸಾಕೆ ಅಷ್ಟ್ ದೂರದಿಂದ ಬಂದಿದ್ದೀರಿ. ಆ ತರ ಉಳ್ಸೋರು ಸಿಕ್ಕವ್ರೆ ನಂಗೆ. ಸಂಬ್ಳದ ಅಂಗ್ಡೀಲೂ ಇದ್ರು, ಸ್ಕೂಲಲ್ಲೂ ಇದ್ರು. ಮರಿಯ ತಪ್ಪು ಮಾಡುದ್ರೆ, ಪಾಪ ಅವ್ನಿಗೇನ್ ಗೊತ್ತಾದದು ಬುಡು ಅನ್ನೋರು. ಈ ತಪ್ಪ ನಾನೇ ಮಾಡಿ ನಾನೇ ಕಂಡಿಡ್ದಿವ್ನಿ. ಇದ್ನ ಯಾರ್ಗೂ ಕೊಡಾಕಿಲ್ಲ.”

ಉಳಿಸಲು ಬಂದದ್ದಲ್ಲ, ನಡೆದದ್ದು ಹೇಳುತ್ತಿದ್ದೇನೆ ಎಂದು ಕಸ್ತೂರಿರಂಗ ಹೇಳಿದ. ತನ್ನ ದನಿ ಏರಿದ್ದು ಅವನಿಗೇ ಕೇಳಿಸಿತು. ಇಟ್ಟಿದ್ದರೆ ಕಾಣುತ್ತಿರಲಿಲ್ಲವೇ, ನಾನು ಅಲ್ಲೇ ಇದ್ದೆನಲ್ಲ ಎಂದ ಮರಿಯಯ್ಯ. ನೀನು ಸಾಹೇಬರ ಮುಖ ನೋಡುತ್ತಿದ್ದೆ ಎಂದ ಇವನು. ನಾನು ದೀಪ ನೋಡುತ್ತಿದ್ದೆ ಎಂದ ಅವನು. ಕೋರ್ಟಿನ ವರದಿಗಳ ಕರಡು ಎಷ್ಟೋ ತಿದ್ದಿದ್ದ ಕಸ್ತೂರಿರಂಗನಿಗೆ ತನ್ನ ಪಕ್ಷ ಎಷ್ಟು ಬಡವಾದದ್ದೆಂದು ಕಾಣುತ್ತಿತ್ತು. ಎದುರಿನವನ ಬಳಿ ಏಳು ಪುಸ್ತಕ, ತಾರೀಕು ಹಾಕಿದ ಮಸಿಯ ಚೂರು. ಇವನ ಬಳಿ ಇಲ್ಲದ ಒಂದು ಟಿಕೆಟು, ಯಾರೂ ನೋಡದ ಒಂದು ಕೈ. ಆಗ ವಾಚಿನ ಪಟ್ಟಿಯ ಕೆಳಗಿಂದ ಮಳವಳ್ಳಿಯ ಟಿಕೆಟು ತೆಗೆದ. ಆಡೋಣ, ಇಟ್ಟು ತೋರಿಸುತ್ತೇನೆ ಎಂದ.

ಕರೆಂಟು ಇರಲಿಲ್ಲ. ಮರಿಯಯ್ಯ ಲಾರಿಯ ಬ್ಯಾಟರಿಯೊಂದನ್ನು ಎಳೆದುತಂದು ತಂತಿ ಕೊಟ್ಟ, ಕಣ್ಣಿಗೆ ಕಾಣಲೆಂದು ಬಾಗಿಲ ಒಂದು ರೆಕ್ಕೆ ಮುಚ್ಚಿದ. ಪೆಟ್ಟಿಗೆಯ ಬೆನ್ನಿನ ತಗಡಿನ ಪಟ್ಟಿ ಅಲ್ಲೇ ಇತ್ತು, ಬಿ.ಎಸ್ಸಿ. ಸಮೇತ, ಯಾರೋ ಅದನ್ನು ಆಗಾಗ ಒರೆಸಿದ್ದಂತೆ ಹೊಳೆಯುತ್ತಿತ್ತು. ಮೊದಲ ಆಟ ನಿಮ್ಮದು. ಕಸ್ತೂರಿರಂಗ ಎರಡು ಒತ್ತಿದ. ಟಕ್ ಟಕ್. ನಾಲ್ಕು. ಸೋಮನಹಳ್ಳಿಯ ಸಂಜೆಗಳ ಸದ್ದು ಅದೇ, ಅಷ್ಟೇ ಅಂತರದಲ್ಲಿ. ಪಕ್ಕದಲ್ಲಿ ಅದೇ ಮನುಷ್ಯನ ಉಸಿರು, ಬೆಸುಗೆಯ ರಾಳದ ಅದೇ ವಾಸನೆ. ಎಂಟು. ಇಲ್ಲಿಗೇ ನಿಲ್ಲಿಸಿ ಏನೂ ಹೇಳದೆ ಕೂತಿರಬಹುದಲ್ಲ ಎನಿಸಿತು. ಹನ್ನೆರಡು. ಹದಿನಾರು. ಎದ್ದು ಪೆಟ್ಟಿಗೆಯ ಹಿಂದಕ್ಕೆ ಹೋಗಿ, ಟಿಕೆಟನ್ನು ಅದೇ ಎಲೆಗಳ ನಡುವೆ ಅದೇ ಓರೆಯಲ್ಲಿ ತೂರಿಸಿದ. ಮರಿಯಯ್ಯ ಅಡ್ಡಿ ಮಾಡಲಿಲ್ಲ. ಕಸ್ತೂರಿರಂಗ ಮುಂದೆ ಬಂದು ಎರಡು ಒತ್ತಿದ. ಹದಿನೆಂಟು.

ಟಕ್. ಟಕ್. ಕೆಂಪು ದೀಪ ಹೊತ್ತಿತು.

“ಕಂಡ್ರಾ,” ಎಂದ ಮರಿಯಯ್ಯ ಮೆಲ್ಲಗೆ. “ಈಗ ಎಲ್ಡು ಜೊತೆ ಆಕಿವ್ನಿ. ಒಂದ್ರಲ್ ಏನ್ ಸಿಗಾಕಂಡ್ರೂ ಇನ್ನೊಂದು ಎತ್ಕತದೆ.”

“ಆಗ ಒಂದೇ ಇತ್ತಲ್ಲ.”

“ಒಂದೇ ಇತ್ತು. ಅದ್ನೇ ತಾನೇ ನಾನು ಏಳ್ತಾ ಇರೋದು. ಮಸಿ ಬಿದ್ರೂ ಅಷ್ಟೇಯ, ನೀವಂದಂಗೆ ಕಾಗ್ದ ಬಿದ್ರೂ ಅಷ್ಟೇಯ. ಒಂದೇ ಮಡಗಿದ್ದು ನಾನು.”

ಬೆಳ್ಳಮ್ಮ ಕಾಫಿ ತಂದಳು. ಆಗ ಸ್ಮರಣ ಸಂಚಿಕೆಯ ವಿಷಯ ಬಂತು. ಹನ್ನೊಂದು ವಾಕ್ಯಗಳನ್ನು ಮರಿಯಯ್ಯ ಓದಿಸಿ ಕೇಳಿದ. ಶೆಡ್ಡಿನ ಅಳತೆ ಹದಿನಾಲ್ಕಲ್ಲ, ಹದಿನಾಲ್ಕೂವರೆ ಅಡಿ ಎಂದು ತಿದ್ದಿದ. ಕೊನೆಯ ವಾಕ್ಯ ಕೇಳಿ ಬಹಳ ಹೊತ್ತು ತಂತಿಯ ಉಂಡೆಯನ್ನು ಕೈಯಲ್ಲಿ ತಿರುಗಿಸಿದ. ಮಿಕ್ಕ ಯಾವುದಕ್ಕೂ ತನ್ನ ಹೆಸರು ಬೇಡ, ಆಟ ಕಟ್ಟಿದ್ದಕ್ಕೂ ಬೇಡ, ಅದು ಇಬ್ಬರೂ ಸೇರಿ ಮಾಡಿದ್ದು. ಆದರೆ ಯಂತ್ರ ಯಾಕೆ ಸೋತಿತು ಎಂಬಲ್ಲಿ ನನ್ನ ಹೆಸರು ಹಾಕಿ, ತಪ್ಪು ಮಾಡಿದವನೂ ನಾನೇ, ಹುಡುಕಿದವನೂ ನಾನೇ ಎಂದು ಬರೆಯಿರಿ ಎಂದ. ಒಂದು ಪ್ರತಿ ಕಳಿಸಿ, ಬೆಳ್ಳಮ್ಮನಿಗೆ ಓದಿ ಹೇಳಬೇಕು, ಐದು ವರ್ಷ ಪೆಟ್ಟಿಗೆಯ ಮುಂದೆ ಸುಮ್ಮನೆ ಕೂತಿದ್ದೆ ಅಂದುಕೊಂಡಿದ್ದಾಳೆ ಎಂದ. ಬಸ್ ಸ್ಟ್ಯಾಂಡಿನವರೆಗೂ ಬಂದು, ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ನಿಂತು, ಆಗಾಗ ಬನ್ನಿ ಎಂದ. ಬರುತ್ತೇನೆ ಎಂದು ಕಸ್ತೂರಿರಂಗ ಹೇಳಿದ. ಇನ್ನು ಬರುವುದಕ್ಕೆ ಕಾರಣವೇನೂ ಉಳಿದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತೋ, ತನಗೊಬ್ಬನಿಗೆ ಗೊತ್ತಿತ್ತೋ. ಐದೂವರೆ ವರ್ಷ ಅವನೊಳಗೆ ಒಬ್ಬ ಮರಿಯಯ್ಯನಿದ್ದ: ಮೋಸಹೋದವನು, ಒಂದು ದಿನ ಕೇಳುವವನು. ರಾತ್ರಿ ಊಟಕ್ಕೆ ಒಬ್ಬನೇ ಕೂತಾಗ ಎದುರಿಗಿರುತ್ತಿದ್ದವನು ಅವನೇ. ಆ ಮನುಷ್ಯ ಈಗ ಇಲ್ಲ. ಟಿಕೆಟು ಮಡಿಸುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡಿದ್ದ. ಮದ್ದೂರು ಬರುವಷ್ಟರಲ್ಲಿ ಬೆವರಿಗೆ ಅದು ಮೆತ್ತಗಾಗಿತ್ತು.

ನಿಜ ಬರೆದರೆ ಮರಿಯಯ್ಯ ಓದುತ್ತಾನೆ, ಮೇಷ್ಟರು ಅಚ್ಚಿನಲ್ಲೂ ತನ್ನನ್ನು ಉಳಿಸಿದರು ಎಂದುಕೊಳ್ಳುತ್ತಾನೆ. ಬರೆಯದಿದ್ದರೆ ಸುಳ್ಳು ನಿಲ್ಲುತ್ತದೆ. ಗುತ್ತಲಿನ ಮನೆಯಲ್ಲಿ ಎರಡು ಹಾಳೆಗಳ ಮೇಲೆ ಎರಡು ವಾಕ್ಯ ಬರೆದು, ಒಂದನ್ನು ಹರಿದ. ಶುಕ್ರವಾರ ಮಧ್ಯಾಹ್ನ ಅಚ್ಚಿನ ಮೊಳೆ ಜೋಡಿಸಿ ತೆಗೆದ ಕರಡು ಅವನ ಮೇಜಿಗೇ ಬಂತು. ವೆಂಕಟರಾಮಯ್ಯ ಅದನ್ನು ಭುಜದ ಮೇಲಿನಿಂದ ಓದಿ, “ಯಾರಯ್ಯಾ ಈ ಮರಿಯಯ್ಯ? ಎಲ್ಲರೂ ಸಾಧನೆ ಮಾಡಿದೀನಿ, ಹೆಸರು ಹಾಕಿ ಅಂತ ಬರ್ತಾರೆ. ತಪ್ಪು ಮಾಡಿದೀನಿ ಹಾಕಿ ಅಂದೋನು ಇವನೊಬ್ಬನೇ. ನೀನಂತೂ ಪುಣ್ಯ ಮಾಡಿದ್ದೆ, ಇಂಥೋನು ಜೊತೆಗೆ ಸಿಕ್ಕಿದ್ದಕ್ಕೆ,” ಎಂದರು. ಕಸ್ತೂರಿರಂಗ ಹೌದು ಎಂದ. ಅವರು ಹೋದ ಮೇಲೆ ರೂಲರನ್ನು ಸಾಲಿನ ಕೆಳಗೆ ಹಿಡಿದು ಒಂದೊಂದೇ ಅಕ್ಷರ ಓದತೊಡಗಿದ. ಶೆಡ್ಡು ಇಪ್ಪತ್ತು ಅಡಿಗೆ ಹದಿನಾಲ್ಕೂವರೆ ಅಡಿ; ಸರಿಯಾಗಿತ್ತು. ‘೧೯೭೪ರ ಜನವರಿಯ ಪ್ರದರ್ಶನದಲ್ಲಿ ಯಂತ್ರ ಒಮ್ಮೆ ಸೋತಿತು. ರಿಲೇಯಲ್ಲಿ ಒಂದೇ ಜೊತೆ ಎಲೆಗಳನ್ನು ಉಳಿಸಿಕೊಂಡದ್ದರಿಂದ ಆದ ಈ ತಪ್ಪು ತನ್ನದೆಂದು, ಐದು ವರ್ಷಗಳ ಪರೀಕ್ಷೆಯ ನಂತರ, ಸಂಸ್ಥೆಯ ಶ್ರೀ ಮರಿಯಯ್ಯನವರೇ ಕಂಡುಹಿಡಿದರು.’ ‘ಪರೀಕ್ಷೆ’ಯ ಒಂದು ಮೊಳೆ ಸವೆದು ಮಂಕಾಗಿ ಮೂಡಿತ್ತು, ಗುರುತು ಹಾಕಿದ. ಇನ್ನೊಮ್ಮೆ ಮೊದಲಿನಿಂದ ಓದಿದ, ಬೇರೇನೂ ಸಿಗಲಿಲ್ಲ. ಪೆನ್ನಿನ ಮುಚ್ಚಳವನ್ನು ಹಿಂದಕ್ಕೆ ಸಿಕ್ಕಿಸಿ, ಎಂದಿನಂತೆ ಹಾಳೆಯ ಎಡ ಅಂಚಿನಲ್ಲಿ ‘ಉಳಿದಂತೆ ತಪ್ಪಿಲ್ಲ’ ಎಂದು ಬರೆದು, ಕೆಳಗೆ ತನ್ನ ಸಹಿ ಹಾಕಿದ.